ಸುಟ್ಟುಹಾಕಿದ ಉಡುಗೊರೆ

ಮಕ್ಕಳೇ, ವಸಂತ ಬಂತೆಂದರೆ ವಾಷಿಂಗ್ಟನ್‌ನ ಟೈಡಲ್ ಬೇಸಿನ್ ಸುತ್ತ ಚೆರ್ರಿ ಹೂಗಳ ಸಂಭ್ರಮ. ಆದರೆ ಜಪಾನಿನಿಂದ ಮೊದಲು ಬಂದ ಗಿಡಗಳನ್ನು ಸುಟ್ಟುಹಾಕಬೇಕಾಯಿತು ಎಂಬುದು ನಿಮಗೆ ಗೊತ್ತೇ?

1910ರ ಜನವರಿಯಲ್ಲಿ ಟೋಕಿಯೋ ನಗರ ಪ್ರೀತಿಯಿಂದ ಕಳಿಸಿದ 2,000 ಗಿಡಗಳು ಇಲ್ಲಿಗೆ ತಲುಪಿದವು. ಕೃಷಿ ಇಲಾಖೆಯವರು ಪರೀಕ್ಷಿಸಿದಾಗ ಅವುಗಳಲ್ಲಿ ಕೀಟಗಳು, ಜಂತುಹುಳುಗಳು, ರೋಗ ಎಲ್ಲವೂ ಕಂಡವು. ಸ್ನೇಹದ ಕಾಣಿಕೆಯನ್ನು ಸುಡುವುದು ಹೇಗೆ? ಉಳಿಸಿಕೊಂಡರೆ ಇಲ್ಲಿನ ತೋಟಗಳ ಗತಿಯೇನು? ಜನವರಿ 28ರಂದು ಅಧ್ಯಕ್ಷ ಟಾಫ್ಟ್ ಸುಡಲು ಒಪ್ಪಿಗೆ ಕೊಟ್ಟರು.

ಭಯಕ್ಕೆ ಕಾರಣವಿತ್ತು. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡ, ಏಷ್ಯಾ ಮೂಲದ ಒಂದು ಶಿಲೀಂಧ್ರ ಆಗಲೇ ಚೆಸ್ಟ್‌ನಟ್ ಮರಗಳನ್ನು ಕೊಲ್ಲುತ್ತಿತ್ತು. ಮುಂದೆ ಅದು ಕ್ಯಾರೊಲಿನಾ, ಜಾರ್ಜಿಯಾ ಬೆಟ್ಟಗಳ ಚೆಸ್ಟ್‌ನಟ್ ಕಾಡುಗಳನ್ನೂ ಬರಿದು ಮಾಡಿತು.

ಟೋಕಿಯೋ ಮೇಯರ್ ಯುಕಿಯೋ ಒಜಾಕಿ ಮುನಿಸಿಕೊಳ್ಳಲಿಲ್ಲ. ಜೋಪಾನವಾಗಿ ಕಸಿ ಮಾಡಿಸಿದ 3,020 ಗಿಡಗಳು 1912ರಲ್ಲಿ ಬಂದವು. ಮಾರ್ಚ್ 27ರಂದು ಶ್ರೀಮತಿ ಟಾಫ್ಟ್ ಮೊದಲ ಗಿಡ ನೆಟ್ಟರು. ಹೊರದೇಶದ ಸಸಿಗಳನ್ನು ತಪಾಸಣೆ ಮಾಡುವ ಕಾನೂನೂ ಅದೇ ವರ್ಷ ಬಂತು.

ಇಂದು ಆರ್ಬರಿಸ್ಟ್‌ಗಳು, ಅಂದರೆ ಮರದ ವೈದ್ಯರು, ಈ ಮರಗಳ ಒಣಕೊಂಬೆ ಸವರುತ್ತಾರೆ, ರೋಗ ತಗುಲಿದೆಯೇ ಎಂದು ನೋಡುತ್ತಾರೆ. ನೋಡಲು ಬರುವವರ ತುಳಿತಕ್ಕೆ ಬೇರಿನ ಮೇಲಿನ ಮಣ್ಣು ಗಟ್ಟಿಯಾಗುವುದೂ ಮರಕ್ಕೆ ಕುತ್ತೇ.

ಊರಿಂದ ಅಜ್ಜಿ ತಂದ ಹಸಿ ಕರಿಬೇವನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡರೆ ನಮಗೆ ಬೇಸರವಾಗುತ್ತದೆ, ಅಲ್ಲವೇ? ಕಿತ್ತಳೆ ಗಿಡಗಳಿಗೆ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆಗ ಈ ಚೆರ್ರಿ ಗಿಡಗಳ ಕಥೆಯನ್ನು ಅಜ್ಜಿಗೆ ನೀವೇ ಹೇಳಿ!