ಕುಡಿತಕ್ಕೊಂದು ಹದ್ದು, ಖಾಕಿಗೂ ಒಂದು ಹದ್ದು

ಹದ್ದು ಎಂಬ ಮಾತನ್ನು ನಾವು ಕನ್ನಡದಲ್ಲಿ ದಿನವೂ ಬಳಸುತ್ತೇವೆ. ಹದ್ದು ಮೀರುವುದು, ಹದ್ದುಬಸ್ತಿನಲ್ಲಿಡುವುದು, ಊರಿನ ಸರಹದ್ದು. ಇದು ಅರಬಿಯ ಹದ್ದ್ ಎಂಬ ಪದ. ಪಾರ್ಸಿ, ಉರ್ದುಗಳ ದಾರಿಯಾಗಿ ನಮ್ಮ ನುಡಿಗೆ ಬಂದು ಸೇರಿದ್ದು. ಅರಬಿಯಲ್ಲಿ ಅದಕ್ಕೆ ಗಡಿ ಎಂಬ ಅರ್ಥವಿದೆ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಗೊತ್ತುಪಡಿಸಿದ ಶಿಕ್ಷೆ ಎಂಬ ಅರ್ಥವೂ ಇದೆ. ಗಡಿ ಯಾವುದೆಂದು ತಿಳಿಸದೆ ಶಿಕ್ಷೆ ಕೊಡುವಂತಿಲ್ಲ ಎಂಬ ವಿವೇಕ ಈ ಒಂದು ಪದದಲ್ಲೇ ಅಡಗಿದೆ.

ಕುಡಿದು ವಾಹನ ಓಡಿಸುವವರ ಮಾತು ಬಂದಾಗ ನಮ್ಮಲ್ಲಿ ಕೆಲವರು, "ನಮಗೆ ಶರಾಬೇ ಹರಾಮ್, ಎಷ್ಟು ಕುಡಿದರೆ ತಪ್ಪು ಎಂಬ ಚರ್ಚೆ ನಮಗೇಕೆ?" ಎನ್ನುವುದುಂಟು. ಆದರೆ ರಸ್ತೆಯಲ್ಲಿ ಸಾಯುವವನಿಗೆ ಧರ್ಮವಿಲ್ಲ. ನಾಕಾಬಂದಿಯಲ್ಲಿ ನಿಲ್ಲುವ ಆಟೋದವರಲ್ಲಿ, ಲಾರಿಯವರಲ್ಲಿ, ಬೈಕ್ ಹುಡುಗರಲ್ಲಿ ನಮ್ಮವರೂ ಇದ್ದಾರೆ. ಅಮಲಿನ ಹದ್ದು ಎಲ್ಲಿ, ಆ ಹದ್ದನ್ನು ಕಾಯುವವನ ಹದ್ದು ಎಲ್ಲಿ ಎಂಬ ಎರಡು ಪ್ರಶ್ನೆಗಳು ಎಲ್ಲರವೂ ಹೌದು. ಅವು ಹೊಸ ಪ್ರಶ್ನೆಗಳೂ ಅಲ್ಲ.

ಹನ್ನೆರಡನೇ ಶತಮಾನದಲ್ಲಿ ಮರ್ಗೀನಾನಿ ಬರೆದ 'ಹಿದಾಯ' ಹನಫೀ ನ್ಯಾಯಶಾಸ್ತ್ರದ ಪ್ರಮುಖ ಗ್ರಂಥ. ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳಿಗೆಂದು 1791ರಲ್ಲಿ ಅದು ಇಂಗ್ಲಿಷಿಗೂ ಬಂತು. ಅಮಲೇರಿದವನೆಂದರೆ ಯಾರು ಎಂಬ ಚರ್ಚೆ ಅದರಲ್ಲಿದೆ. ಇಮಾಮ್ ಅಬೂ ಹನೀಫಾರ ಪ್ರಕಾರ ಭೂಮಿ ಯಾವುದು, ಆಕಾಶ ಯಾವುದು ಎಂಬ ಅರಿವೂ ಇಲ್ಲದವನಿಗೆ ಮಾತ್ರ ಅಮಲಿನ ಶಿಕ್ಷೆ ಸಲ್ಲುತ್ತದೆ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಒಪ್ಪಲಿಲ್ಲ; ಮಾತು ತೊದಲಿ ಕಲಸಿಹೋದರೆ ಸಾಕು ಎಂದರು. ಬಾಯಿಯ ವಾಸನೆಯಷ್ಟೇ ಸಾಕ್ಷಿಯಾಗುವುದೇ ಎಂಬುದು ಇನ್ನೊಂದು ಪ್ರಶ್ನೆ. ಮಾಲಿಕೀ ಪಂಥದವರು ಆಗುತ್ತದೆ ಎಂದರೆ, ಹನಫಿಗಳು ಮತ್ತು ಶಾಫಿಗಳು ವಾಸನೆಯಲ್ಲಿ ಸಂಶಯಕ್ಕೆ ಎಡೆಯಿದೆ, ಬಲವಂತವಾಗಿ ಕುಡಿಸಿದ್ದೂ ಇರಬಹುದು, ಅದೊಂದನ್ನೇ ನಂಬಿ ಶಿಕ್ಷೆ ಕೊಡಲಾಗದು ಎಂದರು.

ಕಾಯುವವನ ಹದ್ದಿನ ಬಗ್ಗೆಯೂ ಒಂದು ಪ್ರಸಂಗವನ್ನು ಇಮಾಮ್ ಗಝಾಲಿ ಮೊದಲಾದವರು ಹೇಳಿದ್ದಾರೆ. ಮದೀನಾದಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದ ಖಲೀಫಾ ಉಮರ್(ರ) ಒಂದು ಮನೆಯ ಗೋಡೆ ಹತ್ತಿ ಇಳಿದು ಕುಡುಕನೊಬ್ಬನನ್ನು ಹಿಡಿದರಂತೆ. ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದನಂತೆ ಅವನು: ಕದ್ದು ನೋಡಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಸಲಾಂ ಹೇಳದೆ ಒಳಗೆ ಬಂದಿರಿ. ಖಲೀಫಾ ಅವನನ್ನು ಬಿಟ್ಟು ಹೊರಟುಹೋದರಂತೆ. ರಸ್ತೆ ಮನೆಯಲ್ಲ, ನಿಜ. ಅಲ್ಲಿ ಕುಡಿದವನು ಇತರರ ಜೀವಕ್ಕೆ ಗಂಡಾಂತರ. ಆದರೆ ಅಧಿಕಾರದ ಕೈಗೂ ಮಿತಿಯಿದೆ ಎಂಬ ತತ್ವ ರಸ್ತೆಗೂ ಸಲ್ಲುತ್ತದೆ.

ಇಂಗ್ಲೆಂಡಿನಲ್ಲಿ 1872ರ ಲೈಸೆನ್ಸಿಂಗ್ ಕಾಯ್ದೆಯೇ ಹೆದ್ದಾರಿಯಲ್ಲಿ ಕುಡಿದು ಕುದುರೆ, ದನ, ಗಾಡಿ ಅಥವಾ ಉಗಿಯಂತ್ರ ನಡೆಸುವುದನ್ನು ಅಪರಾಧವೆಂದಿತ್ತು. 1897ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕ ಜಾರ್ಜ್ ಸ್ಮಿತ್ ತನ್ನ ವಿದ್ಯುತ್ ಗಾಡಿಯನ್ನು ಕಟ್ಟಡಕ್ಕೆ ಗುದ್ದಿ ಬಂಧಿತನಾದ. ಮೋಟಾರು ವಾಹನವನ್ನು ಕುಡಿದು ಓಡಿಸಿ ಸಿಕ್ಕಿಬಿದ್ದ ಮೊದಲಿಗನೆಂದು ಅವನ ಹೆಸರು ಉಳಿದಿದೆ. ಆದರೆ ಕುಡಿದಿದ್ದಾನೆಂದು ತೀರ್ಮಾನಿಸುವುದು ಹೇಗೆ? ಆಗ ಇದ್ದದ್ದು ಪೊಲೀಸನ ಮೂಗು ಮತ್ತು ವೈದ್ಯನ ಕಣ್ಣು. ನೇರ ಗೆರೆಯ ಮೇಲೆ ನಡೆಸುತ್ತಿದ್ದರು, ನಾಲಿಗೆ ತೊಡರುವ ವಾಕ್ಯಗಳನ್ನು ಹೇಳಿಸುತ್ತಿದ್ದರು. ಇಂಥ ಪರೀಕ್ಷೆಯಲ್ಲಿ ಅನುಕೂಲವಂತ ವಕೀಲರನ್ನಿಟ್ಟು ಪಾರಾಗಬಹುದು, ಬಡವನಿಗೆ ಆ ದಾರಿಯಿಲ್ಲ.

ಈ ಗೊಂದಲಕ್ಕೆ ಅಂಕಿಯ ಉತ್ತರ ಕೊಟ್ಟವರು ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್ಮಾರ್ಕ್. ಕೆಲವೇ ಹನಿ ರಕ್ತದಲ್ಲಿ ಮದ್ಯಸಾರ ಎಷ್ಟಿದೆಯೆಂದು ಅಳೆಯುವ ವಿಧಾನವನ್ನು ಅವರು 1922ರಲ್ಲಿ ಪ್ರಕಟಿಸಿದರು. 1936ರಲ್ಲಿ ನಾರ್ವೆ ರಕ್ತದಲ್ಲಿ ಶೇ. 0.05 ಮೀರಿದರೆ ಅದೇ ಅಪರಾಧ, ತೂರಾಡಿದ್ದನ್ನು ಸಾಬೀತುಪಡಿಸಬೇಕಾಗಿಲ್ಲ ಎಂದು ಕಾನೂನು ಮಾಡಿತು. ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರಿನಿಂದಲೇ ಅಳೆಯುವ ಬ್ರೆತಲೈಜರ್ ರೂಪಿಸಿದರು. ಅವರೇ 1960ರ ದಶಕದ ಆರಂಭದಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ, ಅಪಘಾತಕ್ಕೀಡಾದ ಸಾವಿರಾರು ಚಾಲಕರನ್ನು ಅದೇ ಜಾಗದಲ್ಲಿ ಸುರಕ್ಷಿತವಾಗಿ ಸಾಗಿದ ಸಾವಿರಾರು ಚಾಲಕರ ಜೊತೆ ಹೋಲಿಸಿ ನೋಡಿದರು. ಮದ್ಯದ ಪ್ರಮಾಣ ಶೇ. 0.08 ದಾಟಿದ ಮೇಲೆ ಅಪಾಯ ಕಡಿದಾಗಿ ಏರುವುದು ಕಂಡಿತು.

ಅದನ್ನು ಆಧರಿಸಿ ಬ್ರಿಟನ್ 1967ರಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಎಂಬ ಮಿತಿ ಹಾಕಿತು. ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಈ ಕಾನೂನಿಗಾಗಿ ಸಾಕಷ್ಟು ಬೈಗುಳ ಕೇಳಬೇಕಾಯಿತು. ಯಾರನ್ನಾದರೂ ನಿಲ್ಲಿಸಿ ಊದಿಸುವ ಅಧಿಕಾರವನ್ನೂ ಮೊದಲ ಮಸೂದೆಯಲ್ಲಿ ಸೂಚಿಸಲಾಗಿತ್ತು. ನಾಗರಿಕ ಸ್ವಾತಂತ್ರ್ಯದ ಕೂಗೆದ್ದು ಅದು ಬಿದ್ದುಹೋಯಿತು. ಸಂಶಯಕ್ಕೆ ಕಾರಣವಿದ್ದರೆ, ಸಂಚಾರ ನಿಯಮ ಮುರಿದಿದ್ದರೆ, ಅಪಘಾತವಾಗಿದ್ದರೆ ಮಾತ್ರ ಪರೀಕ್ಷೆ ಎಂದಾಯಿತು. ಮೊದಲ ವರ್ಷವೇ ರಸ್ತೆ ಸಾವುಗಳು ಸಾವಿರಕ್ಕೂ ಮಿಕ್ಕಿ ತಗ್ಗಿದವು. ಆದರೆ ಸಿಕ್ಕಿಬೀಳುವುದು ಅಪರೂಪವೆಂದು ಜನಕ್ಕೆ ತಿಳಿಯುತ್ತ ಬಂದಂತೆ ಆ ಭಯ ಕರಗಿತು. ಅಂಕಿ ಇದ್ದರೆ ಸಾಲದು, ಅದನ್ನು ಜಾರಿ ಮಾಡುವ ರೀತಿಯೂ ಮುಖ್ಯ ಎಂಬ ಪಾಠ ಅಲ್ಲಿ ಸಿಕ್ಕಿತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಇನ್ನೊಂದು ದಾರಿ ಹಿಡಿಯಿತು. 1982ರ ಡಿಸೆಂಬರ್‌ನಿಂದ ಅಲ್ಲಿ ಯಾವ ಚಾಲಕನನ್ನಾದರೂ, ಸಂಶಯವಿಲ್ಲದೆಯೂ ನಿಲ್ಲಿಸಿ ಊದಿಸಬಹುದೆಂದಾಯಿತು. ಎಲ್ಲರ ಕಣ್ಣಿಗೂ ಬೀಳುವಂತೆ ದೊಡ್ಡ ರಸ್ತೆಗಳಲ್ಲಿ, ಭಾರೀ ಪ್ರಮಾಣದಲ್ಲಿ ತಪಾಸಣೆ ನಡೆಯಿತು. ರಸ್ತೆ ಸಾವುಗಳು ಸುಮಾರು ಐದನೇ ಒಂದರಷ್ಟು ಇಳಿದವು.

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಬೇರೆ ರೂಪದಲ್ಲಿ ಬಂತು. ಕಾರಣವಿಲ್ಲದೆ, ಪೊಲೀಸನೊಬ್ಬ ತನಗೆ ತೋಚಿದ ಕಾರನ್ನು ನಿಲ್ಲಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1979ರಲ್ಲಿ ಡೆಲವೇರ್ ರಾಜ್ಯದ ಮೊಕದ್ದಮೆಯಲ್ಲಿ ತೀರ್ಪಾಯಿತು. 1990ರಲ್ಲಿ ಮಿಷಿಗನ್ ಮೊಕದ್ದಮೆಯಲ್ಲಿ, ಮೊದಲೇ ಬರೆದಿಟ್ಟ ನಿಯಮದಂತೆ ಬರುವ ಪ್ರತಿ ವಾಹನವನ್ನೂ ಕ್ಷಣಕಾಲ ತಡೆಯುವ ತಪಾಸಣಾ ಠಾಣೆಯನ್ನು ಅದೇ ನ್ಯಾಯಾಲಯ ಆರು ಮೂರರ ಬಹುಮತದಲ್ಲಿ ಒಪ್ಪಿತು. ಎರಡು ತೀರ್ಪುಗಳ ನಡುವೆ ವಿರೋಧವಿದೆಯೆಂದು ತೋರಬಹುದು. ಇಲ್ಲ. ಎಲ್ಲರನ್ನೂ ನಿಲ್ಲಿಸಿದರೆ ಯಾರಿಗೂ ಅವಮಾನವಿಲ್ಲ. ಒಬ್ಬನನ್ನೇ ಆರಿಸಿ ನಿಲ್ಲಿಸಿದರೆ ಆರಿಸಿದ್ದು ಏಕೆಂದು ಕೇಳಬೇಕಾಗುತ್ತದೆ. ಕಪ್ಪು ಚರ್ಮದವರಾಗಿ ಗಾಡಿ ಓಡಿಸುವುದೇ ತಮ್ಮ ಅಪರಾಧವೆಂದು ಅಲ್ಲಿನ ಕರಿಯರು ಕಹಿಯಾಗಿ ಹೇಳುವುದು ಈ ಕಾರಣಕ್ಕೇ. ಹೆಸರು, ಗಡ್ಡ, ಟೋಪಿ ನೋಡಿ ಲೈಸೆನ್ಸ್ ಕೇಳುವ ಕಣ್ಣುಗಳನ್ನು ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯ್ದೆ ವಾಹನದ ಮೇಲೆ ಹಿಡಿತ ತಪ್ಪುವಷ್ಟು ಕುಡಿದವನನ್ನು ಅಪರಾಧಿ ಎಂದಿತ್ತು. 1971ರಲ್ಲಿ ಮಹಾರಾಷ್ಟ್ರದ ಬಚ್ಚುಭಾಯಿ ಹಸನಲಿ ಕರ್ಯಾನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಾಯಿಯ ವಾಸನೆ, ತೂರಾಟ, ತೊದಲು ಮಾತು, ಹಿಗ್ಗಿದ ಕಣ್ಣಿನ ಪಾಪೆ ಇಷ್ಟರಿಂದಲೇ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ, ಕುಡಿದ ಆರೋಪ ಸಾಬೀತಾಗದು ಎಂದಿತು. ಹಿದಾಯದ ಸಂಶಯವೇ ಎಂಟು ಶತಮಾನಗಳ ನಂತರ ದಿಲ್ಲಿಯಲ್ಲಿ ಮಾತಾಡಿದಂತಿತ್ತು.

1988ರ ಕಾಯ್ದೆ ಮೊದಲು ಬಂದಾಗ ರಕ್ತದಲ್ಲಿ ಮದ್ಯ ಎಷ್ಟೇ ಅಲ್ಪವಿದ್ದರೂ ಅಪರಾಧವೆಂದಿತ್ತು. 1994ರ ತಿದ್ದುಪಡಿ ಅದನ್ನು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಎಂದು ನಿಗದಿ ಮಾಡಿತು. ಇಂಗ್ಲೆಂಡಿನ 80ಕ್ಕೆ ಹೋಲಿಸಿದರೆ ನಮ್ಮದು ಬಿಗಿ. 2019ರ ಸೆಪ್ಟೆಂಬರ್ 1ರಿಂದ ಮೊದಲ ತಪ್ಪಿಗೆ ದಂಡ 2 ಸಾವಿರದಿಂದ 10 ಸಾವಿರಕ್ಕೆ ಏರಿತು, ಆರು ತಿಂಗಳವರೆಗಿನ ಜೈಲೂ ಇದೆ. ಹೀಗೆ ನಮ್ಮಲ್ಲಿ ಅಮಲಿನ ಹದ್ದು ಸ್ಪಷ್ಟವಾಗಿದೆ. ಆದರೆ ಆ ಹದ್ದು ಯಾರಿಗೆ ಎಷ್ಟು ಅನ್ವಯಿಸುತ್ತದೆ?

1999ರ ಜನವರಿಯಲ್ಲಿ ದಿಲ್ಲಿಯಲ್ಲಿ ಬಿಎಂಡಬ್ಲ್ಯು ಕಾರೊಂದು ಆರು ಮಂದಿಯನ್ನು ಕೊಂದಿತು. ಸತ್ತವರಲ್ಲಿ ಮೂವರು ಪೊಲೀಸರು. ಅಂತಿಮ ತೀರ್ಪು ಬಂದದ್ದು 2012ರಲ್ಲಿ. 2006ರ ನವೆಂಬರ್‌ನಲ್ಲಿ ಮುಂಬೈಯ ಕಾರ್ಟರ್ ರಸ್ತೆಯ ಪಕ್ಕ ಮಲಗಿದ್ದ ಏಳು ಕೂಲಿಗಳು ಅಲಿಸ್ಟರ್ ಪರೇರಾ ಎಂಬಾತನ ಕಾರಿಗೆ ಬಲಿಯಾದರು. ಕೆಳಗಿನ ನ್ಯಾಯಾಲಯ ಕೊಟ್ಟದ್ದು ಆರು ತಿಂಗಳ ಸಜೆ. ಹೈಕೋರ್ಟು ಮೂರು ವರ್ಷಕ್ಕೆ ಏರಿಸಿತು, ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. 2002ರ ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಫುಟ್‌ಪಾತಿನಲ್ಲಿ ಮಲಗಿದ್ದ ಒಬ್ಬ ಬಡ ಕೆಲಸಗಾರ ಸತ್ತು ನಾಲ್ವರು ಗಾಯಗೊಂಡರು. ನಟ ಸಲ್ಮಾನ್ ಖಾನ್‌ಗೆ ಸೆಷನ್ಸ್ ನ್ಯಾಯಾಲಯ 2015ರ ಮೇಯಲ್ಲಿ ಐದು ವರ್ಷದ ಶಿಕ್ಷೆ ವಿಧಿಸಿತು. ಅವರೇ ಓಡಿಸುತ್ತಿದ್ದರು, ಕುಡಿದಿದ್ದರು ಎಂಬುದು ಸಾಬೀತಾಗಿಲ್ಲವೆಂದು ಹೈಕೋರ್ಟು ಡಿಸೆಂಬರ್‌ನಲ್ಲಿ ಖುಲಾಸೆ ಮಾಡಿತು. ರಕ್ತದ ಮಾದರಿಯನ್ನು ನಿರ್ವಹಿಸಿದ ರೀತಿಯಲ್ಲಿ ಲೋಪ ಕಂಡಿತು. ಅಭಿಮಾನಿಗಳು ಸಂಭ್ರಮಿಸಿದರು. ನಟನ ಹೆಸರಿನಲ್ಲಿ ನಮ್ಮತನ ಕಂಡವರು, ಸತ್ತವನೂ ಮುಸಲ್ಮಾನನೇ ಆಗಿದ್ದ ಎಂಬುದನ್ನು ನೆನೆದರೇ? 2024ರ ಮೇಯಲ್ಲಿ ಪುಣೆಯಲ್ಲಿ ಪೋರ್ಶೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಾಗ, ಹದಿಹರೆಯದ ಆರೋಪಿಯ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರಕಾರಿ ಆಸ್ಪತ್ರೆಯ ವೈದ್ಯರು ಬಂಧಿತರಾದರು.

ಬೀದಿಯಲ್ಲಿ ಆಟೋದವನು ಊದುವ ಯಂತ್ರ ಒಂದು ಅಂಕಿ ತೋರಿಸುತ್ತದೆ, ಅವನ ಕಥೆ ಅಲ್ಲಿಗೆ ಮುಗಿಯುತ್ತದೆ. ಸಿರಿವಂತನ ರಕ್ತ ಮಾತ್ರ ಆಸ್ಪತ್ರೆ, ಪ್ರಯೋಗಾಲಯ, ವಕೀಲರ ನಡುವೆ ಸುತ್ತುತ್ತದೆ. ಖುಲಾಸೆ ತಪ್ಪೆಂದು ನಾವು ಹೇಳುತ್ತಿಲ್ಲ. ಸಂಶಯದ ಲಾಭ ಆರೋಪಿಗೆ ಸಲ್ಲಬೇಕಾದದ್ದೇ. ಆ ಲಾಭ ಆಟೋದವನಿಗೂ ಸಿಗಬೇಕು, ಮಾದರಿಯನ್ನು ಜೋಪಾನ ಮಾಡುವ ಹೊಣೆ ಫುಟ್‌ಪಾತಿನಲ್ಲಿ ಸತ್ತವನಿಗಾಗಿಯೂ ಇರಬೇಕು ಎಂಬುದಷ್ಟೇ ನಮ್ಮ ಮಾತು. ದಂಡದ ವಿಷಯವೂ ಹಾಗೆಯೇ. 10 ಸಾವಿರ ಒಬ್ಬನಿಗೆ ತಿಂಗಳ ಅನ್ನ, ಇನ್ನೊಬ್ಬನಿಗೆ ಒಂದು ರಾತ್ರಿಯ ಖರ್ಚು. ಫಿನ್ಲೆಂಡಿನಲ್ಲಿ 1921ರಿಂದಲೂ ಆದಾಯಕ್ಕೆ ತಕ್ಕ ದಂಡ ವಿಧಿಸುವ ಕ್ರಮವಿದೆ. ಕುಡಿದು ಓಡಿಸುವವರಿಗೂ ಅದು ಅನ್ವಯಿಸುತ್ತದೆ.

ಖಾಕಿಯ ಹದ್ದು ಕಾಯ್ದೆಯಲ್ಲೇ ಇದೆ, ತಿಳಿದವರು ಕಡಿಮೆ. ಊದಲು ಹೇಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು, ಸಂಶಯಕ್ಕೆ ಸಕಾರಣವಿರಬೇಕು ಎನ್ನುತ್ತದೆ 203ನೇ ಕಲಮು. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆಯಾಗಬೇಕು, ಇಲ್ಲವಾದರೆ ಬಿಡಬೇಕು ಎನ್ನುತ್ತದೆ 202ನೇ ಕಲಮು. ಕುಡಿದು ಓಡಿಸಿದ್ದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧವೇ ಅಲ್ಲ, ನ್ಯಾಯಾಲಯಕ್ಕೇ ಹೋಗಬೇಕು. ಆದ್ದರಿಂದ ರಸ್ತೆಯಲ್ಲಿ ಕೈ ಬದಲಾಯಿಸುವ ನೋಟಿಗೆ ದಂಡವೆಂದು ಹೆಸರಿಲ್ಲ, ಲಂಚವೆಂದೇ ಹೆಸರು. ಕೊಡುವವನೂ ಅದರಲ್ಲಿ ಪಾಲುದಾರ.

ಬಾಟಲಿ ಮಾರುವ ಕೈಯನ್ನೂ ಮರೆಯಬಾರದು. 2023-24ರಲ್ಲಿ ಕರ್ನಾಟಕದ ಅಬಕಾರಿ ಆದಾಯ 30 ಸಾವಿರ ಕೋಟಿ ರೂಪಾಯಿ ಮೀರಿತ್ತು. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರ್‌ನಲ್ಲಿ ಹೇಳಿದಾಗ, ಹಲವು ಸರಕಾರಗಳು ಹೆದ್ದಾರಿಯ ಹೆಸರನ್ನೇ ಬದಲಿಸಿ ಅಂಗಡಿ ಉಳಿಸಿಕೊಳ್ಳಲು ನೋಡಿದವು. ಹಗಲು ಮಾರಿ ರಾತ್ರಿ ಹಿಡಿಯುವ ಸರಕಾರಕ್ಕೆ ಜನ ಎಷ್ಟು ಬೆಲೆ ಕೊಟ್ಟಾರು?

ಹಿಂದಿನ ಜನಾಂಗಗಳು ನಾಶವಾದದ್ದು, ಉಳ್ಳವರು ತಪ್ಪು ಮಾಡಿದಾಗ ಬಿಟ್ಟು ದುರ್ಬಲರು ಮಾಡಿದಾಗ ಶಿಕ್ಷಿಸಿದ್ದರಿಂದ ಎಂಬ ಎಚ್ಚರಿಕೆಯನ್ನು ಪ್ರವಾದಿ(ಸ) ಕೊಟ್ಟಿದ್ದರು. ಹಾಗೆಂದು ದುರ್ಬಲನನ್ನೂ ಬಿಟ್ಟುಬಿಡಿ ಎಂದು ಅದರ ಅರ್ಥವಲ್ಲ. ಕುಡಿದು ಸ್ಟಿಯರಿಂಗ್ ಹಿಡಿದವನು ಯಾರೇ ಆಗಲಿ, ನಮ್ಮ ಜಮಾಅತ್‌ನವನೇ ಆಗಲಿ, ಅವನ ಪರವಾಗಿ ಠಾಣೆಗೆ ಫೋನು ಮಾಡುವ ಹಿರಿಯರು ಮೊದಲು ಆ ಫೋನನ್ನು ಕೆಳಗಿಡಬೇಕು. ಆಮೇಲೆ ಪೊಲೀಸರಿಗೆ ನಾವು ಗಟ್ಟಿಯಾಗಿ ಹೇಳಬಹುದು: ತಡೆಯುವುದಾದರೆ ಸಾಲಿನಲ್ಲಿ ಬರುವ ಎಲ್ಲರನ್ನೂ ತಡೆಯಿರಿ, ಬೈಕಿನ ಹಿಂದೆ ಬರುವ ದೊಡ್ಡ ಕಾರನ್ನೂ ಸೇರಿಸಿ.