ಬಾರಾ ಕಮಾನ್ ಕಟ್ಟಾಕತ್ತಿದ್ರು

ವಿಜಯಪುರದ ಬಾರಾ ಕಮಾನ್ ಪೂರ್ತಿಯಾಗಲೇ ಇಲ್ಲ. ಎರಡನೆಯ ಅಲಿ ಆದಿಲ್‌ಶಾಹ ತನ್ನ ಗೋರಿಗೆಂದು ಕಟ್ಟಿಸುತ್ತಿದ್ದ ಈ ಕಟ್ಟಡ, 1672ರಲ್ಲಿ ಅವನು ತೀರಿಕೊಂಡ ಮೇಲೆ ಬರೀ ಕಮಾನುಗಳಾಗಿ ಉಳಿಯಿತು. ಇದೇ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಕಂಟಿನ್ಯುಯಸ್ ಟೆನ್ಸ್‌ಗೆ ನಾನು ಕೊಡುತ್ತಿದ್ದ ಉದಾಹರಣೆ ಇದೇ: ‘ದೇ ವರ್ ಬಿಲ್ಡಿಂಗ್ ಬಾರಾ ಕಮಾನ್ ವೆನ್ ದ ಸುಲ್ತಾನ್ ಡೈಡ್.’ ಹುಡುಗರು ಒಡನೆಯೇ ಅನ್ನುತ್ತಿದ್ದರು: ‘ಕಟ್ಟಾಕತ್ತಿದ್ರು, ಅಷ್ಟರಾಗ ಸತ್ತ ರೀ ಸರ್.’

ಇಂಗ್ಲಿಷಿಗೆ ಮಾತ್ರ ಈ ರೂಪ ನಿಧಾನವಾಗಿ ದಕ್ಕಿತು. ಸಾವಿರ ವರ್ಷದ ಹಿಂದೆ ಅಲ್ಲಿ ‘ಇರು’ ಎಂಬರ್ಥದ ಕ್ರಿಯಾಪದದ ಜೊತೆ ‘ಎಂಡೆ’ ಪ್ರತ್ಯಯದ ಕೃದಂತ ಬರುತ್ತಿತ್ತು. ಕೆಲಸದ ಹೆಸರಿನ ಹಿಂದೆ ‘ಆನ್’ ಇಟ್ಟು ಹೇಳುವ ರೂಢಿಯೂ ಇತ್ತು. ‘ಆನ್ ಹಂಟಿಂಗ್’ ಸವೆದು ‘ಅ-ಹಂಟಿಂಗ್’ ಆಯಿತು. ಕೊನೆಗೆ ಎರಡೂ ‘ಇಂಗ್’ನಲ್ಲಿ ಕೂಡಿಕೊಂಡವು. ಮಹಮ್ಮದ್ ಆದಿಲ್‌ಶಾಹನ ಗೋಳಗುಮ್ಮಟ ಏಳುತ್ತಿದ್ದ 17ನೆಯ ಶತಮಾನದಲ್ಲಿ ‘ದ ಹೌಸ್ ಈಸ್ ಬಿಲ್ಡಿಂಗ್’ ಅಂದರೆ ಮನೆ ಕಟ್ಟಲಾಗುತ್ತಿದೆ ಎಂದರ್ಥ. ‘ಈಸ್ ಬೀಯಿಂಗ್ ಬಿಲ್ಟ್’ ಬಳಕೆಗೆ ಬಂದದ್ದು 18ನೆಯ ಶತಮಾನದ ಕೊನೆಗೆ. ಮುಂದಿನ ಶತಮಾನದ ವ್ಯಾಕರಣಕಾರರು ಅದನ್ನು ಅಶುದ್ಧವೆಂದು ಹಳಿದರೂ ಜನರ ಬಾಯಲ್ಲಿ ಅದು ಗೆದ್ದಿತು.

ಕನ್ನಡಕ್ಕೂ ಎರಡು ದಾರಿಗಳಿವೆ. ಪಠ್ಯಪುಸ್ತಕದ ‘ಮಾಡುತ್ತಿದ್ದೇನೆ’ಯಲ್ಲಿ ‘ಮಾಡುತ್ತ’ಕ್ಕೆ ‘ಇರು’ ಸೇರಿದೆ. ‘ಆಮ್ ಡೂಯಿಂಗ್’ನ ಜೋಡಣೆಯೂ ಇಂಥದೇ. ನಮ್ಮ ‘ಮಾಡಾಕತ್ತೀನಿ’, ಕೆಲವರ ಬಾಯಲ್ಲಿ ‘ಮಾಡ್ಲಾಕತ್ತೀನಿ’, ಹುಟ್ಟಿದ್ದು ‘ಹತ್ತು’ ಧಾತುವಿನಿಂದ. ಹಳಗನ್ನಡದ ‘ಪತ್ತು’ ಇದೇ: ಅಂಟಿಕೊಳ್ಳು. ಕೆಲಸಕ್ಕೆ ಅಂಟಿಕೊಂಡವನು ಕೆಲಸಕ್ಕೆ ತೊಡಗಿದವನು. ತೊಡಗಿದವನು ಇನ್ನೂ ಮಾಡುತ್ತಲೇ ಇರುವವನು. ‘ಹೇಳಹತ್ತಿದನು’ ಎಂದು ಈ ಭಾಗದ ಹಿರಿಯ ಬರಹಗಾರರು ಬರೆಯುತ್ತಿದ್ದುದೂ ಇದೇ ಧಾತುವಿನ ಬಲದಿಂದ.

1956ರ ವರೆಗೆ ನಮ್ಮ ವಿಜಯಪುರ, ಆಗಿನ ವಿಜಾಪುರ ಜಿಲ್ಲೆ, ಮುಂಬಯಿಗೆ ಸೇರಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಬದಲಾದರೂ ಮನೆಮಾತು ಬದಲಾಗಲಿಲ್ಲ. ತಿಕೋಟಾದ ಹುಡುಗ ಇವತ್ತಿಗೂ ‘ಅಪ್ಪ ದ್ರಾಕ್ಷಿ ಒಣಗಸಾಕತ್ತಾನ’ ಅನ್ನುತ್ತಾನೆ. ಅವನಿಗೆ ‘ಒಣಗಿಸುತ್ತಿದ್ದಾರೆ’ಯನ್ನು ಮೊದಲು ಕಲಿಸಿ, ಅದರ ಮೂಲಕ ಇಂಗ್ಲಿಷ್ ಕಲಿಸುವುದೆಂದರೆ ಮಗುವಿನ ಮೇಲೆ ಎರಡು ಹೊರೆ ಹೊರಿಸಿದಂತೆ.

‘ಐ ಆಮ್ ನೋಯಿಂಗ್’ ಎಂಬ ತಪ್ಪು ಎಲ್ಲ ತರಗತಿಗಳಲ್ಲೂ ಕೇಳಿಬರುತ್ತದೆ. ಆದರೆ ಅದೇ ಮಗು ಮನೆಯಲ್ಲಿ ‘ನನಗ ಗೊತ್ತಿರಾಕತ್ತೈತಿ’ ಅನ್ನುವುದಿಲ್ಲ. ‘ಗೊತ್ತೈತಿ’ ಎಂದಷ್ಟೇ ಅನ್ನುತ್ತದೆ. ನಡೆಯುತ್ತಿರುವ ಕೆಲಸ ಯಾವುದು, ಇರುವ ಸ್ಥಿತಿ ಯಾವುದು ಎಂಬ ವಿವೇಕ ಅದರ ನಾಲಿಗೆಯಲ್ಲಿ ಆಗಲೇ ಇದೆ.

ಈ ಸೀಮೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಗುರುಗಳಲ್ಲಿ ನನ್ನದೊಂದೇ ಬೇಡಿಕೆ. ‘ಮಾಡಾಕತ್ತೀನಿ’ ಅಂದ ಮಗುವನ್ನು ತಿದ್ದಬೇಡಿ. ಆ ಮಾತನ್ನೇ ಹಲಗೆಯ ಮೇಲೆ ಬರೆದು, ಅದರ ಪಕ್ಕದಲ್ಲಿ ‘ಐ ಆಮ್ ಡೂಯಿಂಗ್’ ಬರೆಯಿರಿ.