ಹಂಚು ಬಂತು, ಮೆತ್ತು ತುಂಬ್ತು

ಚೌತಿ ಹತ್ರ ಬಂತು ಹೇಳಿರೆ ಹಳದೀಪುರದ ಮನೆಮನೆಯಲ್ಲೂ ಒಂದೇ ಮಾತು: "ಮನೆ ಒಂಚೂರು ಓರಣ ಮಾಡವು." ಓರಣ ಹೇಳಿದ ಕೂಡ್ಲೆ ನಂಗ ಮಾಡದು ಎಂತ? ಪೇಟೆಗೆ ಹೋಗಿ ಇನ್ನೆರಡು ಪ್ಲಾಸ್ಟಿಕ್ ಡಬ್ಬಿ, ಒಂದು ಸ್ಟ್ಯಾಂಡು ತಗಂಡು ಬಪ್ಪದು. ತುಂಬಿದ ಮನೆಗೇ ಇನ್ನಷ್ಟು ತುಂಬದು! ಅಜ್ಜಿಯ ಕಾಲದಲ್ಲಿ ಹಂಗಿರ್ಲೆ. ಮೊದಲು ಖಾಲಿ ಮಾಡದು, ಆಮೇಲೆ ಜೋಡಿಸದು. ಅದಕ್ಕೆ ಅವರ ಜಾಣತನ ಒಂದೇ ಅಲ್ಲ, ಮನೆಯ ಮಾಡೂ ಕಾರಣ.

ಆಗ ಹೆಚ್ಚಿನ ಮನೆಯೆಲ್ಲ ಸೋಗೆ, ಮಡ್ಲು, ಹುಲ್ಲಿಂದು. ಮಳೆಗಾಲಕ್ಕೆ ಮುಂಚೆ ವರ್ಷಾ ವರ್ಷಾ ಹೊದಿಸವು. ಹಳೇ ಹೊದಿಕೆ ಬಿಚ್ಚಿರೆ ಧೂಳು, ಕಸ, ಜೇಡನ ಬಲೆ ಎಲ್ಲ ಕೆಳಗೆ. ಹಂಗಾಗಿ ಮೆತ್ತಿನ ಸಾಮಾನು ಅಂಗಳಕ್ಕೆ ಇಳೀತಿತ್ತು. ಇಳಿಸಿದ್ದನ್ನ ಮತ್ತೆ ಹತ್ತಿಸವು ಹೇಳಿರೆ ಸೊಂಟ ನೋವು. ಬ್ಯಾಡದ್ದನ್ನ ಯಾರು ಹತ್ತಿಸ್ತ? ಒಡಕು ಬುಟ್ಟಿ ಬಚ್ಚಲ ಒಲೆಗೆ ಹೋಗ್ತಿತ್ತು, ಹೆಚ್ಚಿದ್ದ ಚಾಪೆ ನೆರೆಮನೆಗೆ. ಒರಲೆ ಹಿಡಿದದ್ದೂ ಆಗಲೇ ಕಾಣ್ತಿತ್ತು.

1865ರಲ್ಲಿ ಬಾಸೆಲ್ ಮಿಶನ್ನಿನವು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಅದರ ಹಿಂದೆ ಇದ್ದವ ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿ ಕೂರುವ ಆ ಕೆಂಪು ಹಂಚು ಬರಬರುತ್ತಾ ಕರಾವಳಿ ಉದ್ದಕ್ಕೂ ಹರಡ್ತು. ಬೆಂಕಿಯ ಹೆದರಿಕೆ ಕಮ್ಮಿ ಆತು, ವರ್ಷಾ ಹೊದಿಸುವ ಕಷ್ಟ ತಪ್ತು. ಹಂಚು ಕೈಯಾಡಿಸಿ, ಒಡೆದದ್ದು ಬದಲಿಸಿರೆ ಸಾಕು. ಆದರೆ ಮೆತ್ತು ಇಳಿಸುವ ಪದ್ಧತಿಯೂ ಅದರ ಸಂಗಡವೇ ಹೋತು. ಮೇಲೆ ಹತ್ತಿದ್ದು ಮೇಲೇ ಉಳೀತು.

ಎಂತೆಂತ ಹತ್ತಿತು ನೋಡಿ. 1956ರ ನವೆಂಬರ್ 1ಕ್ಕೆ ನಂಗಳ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಆಣೆ ಡಬ್ಬಿ ಸೇರ್ತು. ಮತ್ತೊಂದಷ್ಟು ವರ್ಷದಲ್ಲಿ ಅಂಗಡಿಯಲ್ಲಿ ಕಿಲೋ, ಲೀಟರು ಗಟ್ಟಿಯಾಗಿ, ಸೇರು-ಸಿದ್ದೆ ಮೇಲೆ ಹತ್ತಿತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿ, ಉಳುವವರು ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟ. ಗೇಣಿ ಅಳೆವ ಕೊಳಗಕ್ಕೆ ಕೆಲಸ ಇಲ್ಲೆ ಆತು. ಗೇಣಿ ಚೀಟಿ, ಅರ್ಜಿಯ ನಕಲು, ಆದೇಶದ ಪ್ರತಿ ಟ್ರಂಕಿನ ತಳ ಸೇರ್ತು. ಅದರ ಮೇಲೆ ಸ್ಟೀಲು ಬಂತು, ಸ್ಟೀಲಿನ ಮೇಲೆ ಪ್ಲಾಸ್ಟಿಕ್ಕು.

ಈಗ ಮಕ್ಕ ಬೆಂಗಳೂರು, ಪುಣೆ ಹೇಳಿ ಹೋಗಿ ಕೂತಿದ್ದ. ಕೊಳಗ ಯಾವ್ದು, ಸೇರು ಯಾವ್ದು, ಯಾವ ಕಾಗದ ಯಾವ ಗದ್ದೆದು ಹೇಳದು ಗೊತ್ತಿಪ್ಪದು ಮನೆಯಲ್ಲಿದ್ದ ನಂಗಕ್ಕೇ. ನಂಗ ಇಳಿಸದಿದ್ರೆ ನಾಳೆ ಗುರ್ತಿಲ್ಲದವು ಬಂದು ಇಳಿಸ್ತ. ಅವಕ್ಕೆ ಐಸ್‌ಕ್ರೀಮ್ ಡಬ್ಬಿಯೂ ಒಂದೇ, ಹಕ್ಕಿನ ಕಾಗದವೂ ಒಂದೇ. ಎರಡೂ ಒಂದೇ ಗೋಣಿಚೀಲಕ್ಕೆ.

ಹಂಗಾಗಿ ಆನು ಹೇಳದು ಇಷ್ಟೇ. ಈ ಸಲ ಡಬ್ಬಿ ತಪ್ಪಲೆ ಮುಂಚೆ ಮೆತ್ತಿನ ಒಂದು ಮೂಲೆ ಅಂಗಳಕ್ಕೆ ಇಳಿಸಿ. ಇಡೀ ಮೆತ್ತು ಬ್ಯಾಡ, ಒಂದೇ ಮೂಲೆ. ಕಾಗದ ಮೊದಲು ಬೇರೆ ಮಾಡಿ, ಬಿಸಿಲಿಗೆ ಹಾಕಿ, ಯಾವ ಗದ್ದೆದು ಹೇಳಿ ಮೇಲೆ ಬರೆದು ಕಪಾಟಿಗೆ ಇಡಿ. ಅಕ್ಕಿ ಅಳೆಯಲೆ ಸೇರು ಒಂದು ಇರ್ಲಿ, ನಾಲ್ಕು ಎಂತಕ್ಕೆ? ಉಳಿದದ್ದನ್ನ ಬೇಕಾದವಕ್ಕೆ ಕೊಡಿ, ಕೊಡುವಾಗ ಅದರ ಹೆಸರೂ ಹೇಳಿಕೊಡಿ. ಇಷ್ಟಾದಮೇಲೂ ಡಬ್ಬಿ ಬೇಕು ಕಂಡ್ರೆ ಪೇಟೆ ಎಲ್ಲಿಗೂ ಓಡಿಹೋಗ್ತಿಲ್ಲೆ.